ಲೋಡ್ 61, ಸಿಪಿಯು 97% ಖಾಲಿ: ಕಾರಣ ಎಲ್ಲಿ ಹುಡುಕೋದು?

ತುಂಗಾತೀರ · ಬೆಳಿಗ್ಗೆ 9:14

ಶಿವಮೊಗ್ಗದಲ್ಲಿ ಒಂದು ಅಡಿಕೆ ಸೊಸೈಟಿಯ ಸರ್ವರ್. ಡೆಬಿಯನ್ 12, 8 ಕೋರ್, 32 ಜಿಬಿ ರ‍್ಯಾಮ್, ಎರಡು ಎಸ್‌ಎಸ್‌ಡಿ ಮಿರರ್ ಮಾಡಿ ಹಾಕಿದೆ. ಪೋಸ್ಟ್‌ಗ್ರೆಸ್, ಬಿಲ್ಲಿಂಗ್, ದಾಸ್ತಾನು ಲೆಕ್ಕ ಎಲ್ಲ ಇದರ ಮೇಲೆ. ದಿನಾ ಲೋಡ್ (ಓಡ್ತಿರೋ, ಕಾಯ್ತಿರೋ ಕೆಲಸಗಳ ಸರಾಸರಿ ಎಣಿಕೆ) 0.3ರಿಂದ 0.8ರ ಒಳಗೆ ಇರುತ್ತೆ. ಇವತ್ತು ಅಪ್‌ಟೈಮ್ ಹೊಡೆದರೆ 1, 5, 15 ನಿಮಿಷದ ಸರಾಸರಿ ಹೀಗೆ ಬರ್ತಿದೆ:

61.28, 60.59, 58.60

ಟಾಪ್‌ನಲ್ಲಿ ಯೂಸರ್ 2, ಸಿಸ್ಟಂ 1, ಐಡಲ್ 97, ವೇಟ್ (ಡಿಸ್ಕಿಗೆ ಕಾದದ್ದು) 0, ಸ್ಟೀಲ್ 0. ರ‍್ಯಾಮ್‌ನಲ್ಲಿ 21 ಜಿಬಿ ಅವೈಲಬಲ್. ಸ್ವಾಪ್ ಮುಟ್ಟಿಲ್ಲ. ಕೌಂಟರ್‌ನಲ್ಲಿ ಬಿಲ್ ಎಂದಿನ ವೇಗದಲ್ಲೇ ಆಗ್ತಿದೆ, ಯಾರೂ ನಿಧಾನ ಅಂತ ಹೇಳಿಲ್ಲ. ಡಿಮೆಸೇಜ್ (ಕರ್ನಲ್ ಲಾಗ್) ಬಾಲ ನೋಡಿದೆ, ಬರೀ ಫೈರ್‌ವಾಲ್ ಡ್ರಾಪ್ ಸಾಲುಗಳು. ಇನ್ನೊಂದು, ಡಿಸ್ಕ್ ಎಷ್ಟು ತುಂಬಿದೆ ಅಂತ ತೋರಿಸೋ ಡಿಎಫ್ ಹೊಡೆದರೆ ಪ್ರಾಂಪ್ಟ್ ವಾಪಸ್ ಬರ್ತಿಲ್ಲ. ರೀಬೂಟ್ ಮಾಡ್ಲಾ?

ಸಾಗರ_ರೂಟ್ · 9:19

ರೀಬೂಟ್ ಮಾಡಬೇಡಿ. ಮಾಡಿದರೆ ಸಾಕ್ಷಿ ಹೋಗುತ್ತೆ, ಮೇಲಾಗಿ ಈ ಸ್ಥಿತಿಯಲ್ಲಿ ಶಟ್‌ಡೌನೇ ಅರ್ಧಕ್ಕೆ ಸಿಕ್ಕಿಕೊಳ್ಳೋ ಸಾಧ್ಯತೆ ಇದೆ.

ನೀವು ಹಾಕಿರೋ ಮೂರು ಅಂಕಿಯಲ್ಲೇ ಅರ್ಧ ಉತ್ತರ ಇದೆ. ಲೋಡ್ ಒಂದೇ ಸಮ ಏರ್ತಾ ಇದ್ದರೆ 1 ನಿಮಿಷದ ಅಂಕಿ ನಿಜಕ್ಕಿಂತ 1 ನಿಮಿಷ ಹಿಂದಿರುತ್ತೆ, 15 ನಿಮಿಷದ್ದು 15 ನಿಮಿಷ ಹಿಂದಿರುತ್ತೆ. ಎರಡರ ನಡುವೆ 14 ನಿಮಿಷದ ಅಂತರ. 61.28ರಿಂದ 58.60 ಕಳೆದರೆ 2.68. ಅದನ್ನು 14ರಿಂದ ಭಾಗಿಸಿ: ನಿಮಿಷಕ್ಕೆ 0.19. ಅಂದ್ರೆ ಹತ್ತಿರ ಹತ್ತಿರ ಐದು ನಿಮಿಷಕ್ಕೆ ಒಂದು.

ಐದು ನಿಮಿಷಕ್ಕೊಮ್ಮೆ ಒಂದೊಂದೇ ಸೇರಿಕೊಳ್ತಿದೆ ಅಂದ್ರೆ ಅದು ಕ್ರಾನ್, ಹೊತ್ತಿಗೆ ಸರಿಯಾಗಿ ಕೆಲಸ ಎಬ್ಬಿಸೋದು. ದಿನದ ಲೋಡು ಸೊನ್ನೆಯ ಹತ್ತಿರ ಅಂತೀರಿ, ಹಾಗಾದ್ರೆ 61 ಇಂಟು 5, 305 ನಿಮಿಷ. ಬೆಳಗಿನ ಜಾವ 4:10ರ ಆಸುಪಾಸಿಗೆ ಏನೋ ಕೈಕೊಟ್ಟಿದೆ. ಕ್ರಾನ್‌ಟ್ಯಾಬ್‌ನಲ್ಲಿ ಐದು ನಿಮಿಷಕ್ಕೊಮ್ಮೆ ಓಡೋದು ಏನಿದೆ ಹೇಳಿ.

ಹೊಸನಗರ_ಹಾರ್ಡ್‌ಡಿಸ್ಕ್ · 9:22

ಡಿಸ್ಕ್ ಹೋಗ್ತಿರಬಹುದು ಮಾರಾಯ್ರೆ. ವಿಎಂಸ್ಟ್ಯಾಟ್ 1 ಹಾಕಿ ಬಿ ಕಾಲಂ (ಸಿಕ್ಕಿಕೊಂಡವರ ಎಣಿಕೆ) ನೋಡಿ. ಐಒಸ್ಟ್ಯಾಟ್‌ನಲ್ಲಿ ಆರ್-ಅವೇಟ್, ಡಬ್ಲ್ಯೂ-ಅವೇಟ್ (ಓದೋಕೆ, ಬರೆಯೋಕೆ ಹಿಡಿಯೋ ಹೊತ್ತು) ಎಷ್ಟಿದೆ?

ತುಂಗಾತೀರ · 9:26

ವಿಎಂಸ್ಟ್ಯಾಟ್ ಹತ್ತು ಸಾಲು ನೋಡಿದೆ: ಆರ್ ಕಾಲಂ 0 ಅಥವಾ 1, ಬಿ ಕಾಲಂ ಹತ್ತಕ್ಕೆ ಹತ್ತೂ 0. ಅವೇಟ್ 1 ಮಿಲಿಸೆಕೆಂಡಿಗಿಂತ ಕಮ್ಮಿ. /ಪ್ರಾಕ್/ಪ್ರೆಶರ್/ಐಒ ಕೂಡ ಸೊನ್ನೆ. ಕ್ರಾನ್‌ನಲ್ಲಿ ಐದು ನಿಮಿಷಕ್ಕೊಮ್ಮೆ ಓಡೋದು ಒಂದೇ: ಡಿಸ್ಕ್ ಎಷ್ಟು ತುಂಬಿದೆ ಅಂತ ನೋಡಿ ಮೇಲ್ ಕಳಿಸೋ ಸಣ್ಣ ಸ್ಕ್ರಿಪ್ಟ್.

ಕೊಪ್ಪ_ಕರ್ನಲ್ · 9:29

ಬಿ ಕಾಲಂ ಸೊನ್ನೆ ಇದ್ದ ಮಾತ್ರಕ್ಕೆ ಯಾರೂ ಸಿಕ್ಕಿಕೊಂಡಿಲ್ಲ ಅಂತ ಅರ್ಥ ಅಲ್ಲ. ಇಲ್ಲಿ ತುಂಬಾ ಜನ ಎಡವುತ್ತಾರೆ.

ವಿಎಂಸ್ಟ್ಯಾಟ್ ಬಿ ಅಂಕಿಯನ್ನು ತಗೊಳ್ಳೋದು /ಪ್ರಾಕ್/ಸ್ಟ್ಯಾಟ್‌ನ ಪ್ರಾಕ್ಸ್_ಬ್ಲಾಕ್ಡ್ ಸಾಲಿನಿಂದ. ಆ ಸಾಲು ಎಣಿಸೋದು ಐಒ-ವೇಟ್ ಅಂತ ಗುರುತು ಹಾಕಿಕೊಂಡು ಮಲಗಿದ ಟಾಸ್ಕ್‌ಗಳನ್ನು ಮಾತ್ರ. ಲೋಕಲ್ ಡಿಸ್ಕಿಗೆ ಕಾಯೋರು ಆ ಗುರುತು ಹಾಕಿಕೊಳ್ತಾರೆ. ಎನ್‌ಎಫ್‌ಎಸ್‌ನ (ನೆಟ್‌ವರ್ಕ್ ಮೇಲಿನ ಫೈಲ್‌ಸಿಸ್ಟಂ) ಆರ್‌ಪಿಸಿ ಉತ್ತರಕ್ಕೆ, ಅಂದ್ರೆ ದೂರದ ಸರ್ವರಿಗೆ ಕಳಿಸಿದ ಕೋರಿಕೆಯ ಉತ್ತರಕ್ಕೆ ಕಾಯೋರು ಹಾಕಿಕೊಳ್ಳಲ್ಲ, ಸುಮ್ಮನೆ ಡಿ ಸ್ಥಿತಿಗೆ (ಉತ್ತರ ಬರೋ ತನಕ ಏಳದ ನಿದ್ದೆ) ಹೋಗಿಬಿಡ್ತಾರೆ. ಹಾಗಾಗಿ ಟಾಪ್‌ನ ವೇಟ್, ವಿಎಂಸ್ಟ್ಯಾಟ್‌ನ ಬಿ, ಪ್ರೆಶರ್ ಫೈಲಿನ ಐಒ ಮೂರೂ ಸೊನ್ನೆ ಹೇಳುತ್ತವೆ. ಮೂರಕ್ಕೂ ಆಧಾರ ಅದೇ ಗುರುತು. ಲೋಡ್ ಆವರೇಜ್ ಮಾತ್ರ ಗುರುತು ಕೇಳಲ್ಲ, ಡಿ ಸ್ಥಿತಿಯಲ್ಲಿ ಇದ್ದರೆ ಸಾಕು, ಎಣಿಸುತ್ತೆ.

ಪಿಎಸ್ ಹಾಕಿ: ಎಲ್ಲ ಪ್ರೊಸೆಸ್, ಥ್ರೆಡ್ ಸಮೇತ, ಅಂದ್ರೆ -ಇ ಜೊತೆ ದೊಡ್ಡಕ್ಷರದ -ಎಲ್. ಕಾಲಂ ಸ್ಟೇಟ್, ಪಿಐಡಿ, ಎಟೈಮ್ಸ್ (ಶುರುವಾಗಿ ಎಷ್ಟು ಸೆಕೆಂಡು), ಡಬ್ಲ್ಯೂಚಾನ್:32 (ಕರ್ನಲ್‌ನಲ್ಲಿ ಎಲ್ಲಿ ಕಾಯ್ತಿದೆ), ಕಾಮ್ (ಹೆಸರು). ಅದರಲ್ಲಿ ಮೊದಲಕ್ಷರ ಡಿ ಇರೋ ಸಾಲು ಆರಿಸಿ. ಎರಡು ಎಚ್ಚರಿಕೆ. ಡಬ್ಲ್ಯೂಚಾನ್ ರೂಟ್ ಆಗಿಯೇ ನೋಡಿ, ಇಲ್ಲದಿದ್ದರೆ ಬರೀ ಗೆರೆ ಬರುತ್ತೆ. ಕೊನೆಯ ಕಾಲಂ ಕಾಮ್ ಇರಲಿ, ಆರ್ಗ್ಸ್ ಬೇಡ. ಆರ್ಗ್ಸ್ ಕೇಳಿದರೆ ಪಿಎಸ್ ಆ ಪ್ರೊಸೆಸ್‌ನ ಮೆಮೊರಿಯನ್ನೇ ಓದಬೇಕು, ಸಿಕ್ಕಿಕೊಂಡವ ಅದರ ಬೀಗ ಹಿಡಿದು ಕೂತಿದ್ದರೆ ಪಿಎಸ್ಸೂ ಅಲ್ಲೇ ಕೂರುತ್ತೆ. ಪಿಎಸ್ ಆಕ್ಸ್ ಅಂತ ಬಾಯಿಪಾಠದಲ್ಲಿ ಹೊಡೆಯೋರಿಗೆ ಹೀಗಾಗೋದು.

ತುಂಗಾತೀರ · 9:33

ಬಂತು. ಡಿ ಸ್ಥಿತಿಯಲ್ಲಿ 65 ಸಾಲು, ಅರವತ್ತೈದೂ ಡಿಎಫ್. ಎಲ್ಲದರ ಡಬ್ಲ್ಯೂಚಾನ್ ಒಂದೇ:

ಆರ್‌ಪಿಸಿ_ವೇಟ್_ಬಿಟ್_ಕಿಲ್ಲಬಲ್

ಎಟೈಮ್ಸ್ ನೋಡಿದರೆ ಒಂದಕ್ಕೂ ಇನ್ನೊಂದಕ್ಕೂ ಸರಿಯಾಗಿ 300 ಸೆಕೆಂಡು ವ್ಯತ್ಯಾಸ. ಅತಿ ಹಳೆಯದು 4:10ರದ್ದು. ತೀರ್ಥಹಳ್ಳಿ ಬ್ರಾಂಚಿನ ನ್ಯಾಸ್ (ನೆಟ್‌ವರ್ಕ್ ಸ್ಟೋರೇಜ್ ಪೆಟ್ಟಿಗೆ) ಒಂದು ಇಲ್ಲಿ ಎನ್‌ಎಫ್‌ಎಸ್ ಮೌಂಟ್ ಆಗಿದೆ, ವೈರ್‌ಗಾರ್ಡ್ ವಿಪಿಎನ್ ಮೇಲೆ. ರಾತ್ರಿ 2ಕ್ಕೆ ಬ್ಯಾಕಪ್ ಅದಕ್ಕೆ ಹೋಗುತ್ತೆ. ಪಿಂಗ್ ಮಾಡಿದೆ, ಉತ್ತರ ಇಲ್ಲ. ಆ ಕಡೆ ರಾತ್ರಿ ಜೋರು ಗಾಳಿಮಳೆ, ಕೇಬಲ್ ಮೇಲೆ ಮರ ಬಿದ್ದಿದೆಯಂತೆ.

ಸಾಗರ_ರೂಟ್ · 9:35

ಡಿಮೆಸೇಜ್ ಬಾಲ ನೋಡೋ ಬದಲು ಪೂರ್ತಿಯಲ್ಲಿ ಎನ್‌ಎಫ್‌ಎಸ್ ಅಂತ ಗ್ರೆಪ್ ಮಾಡಿ. "ನಾಟ್ ರೆಸ್ಪಾಂಡಿಂಗ್, ಸ್ಟಿಲ್ ಟ್ರೈಯಿಂಗ್" ಅನ್ನೋ ಸಾಲು ಇದ್ದೇ ಇರುತ್ತೆ. ಫೈರ್‌ವಾಲ್ ಲಾಗಿನ ಕೆಳಗೆ ಹೂತುಹೋಗಿದೆ ಅಷ್ಟೇ. ಡ್ರಾಪ್ ಲಾಗಿಗೆ ರೇಟ್ ಲಿಮಿಟ್ ಹಾಕಿ, ಅದು ಇನ್ನೊಂದು ದಿನದ ಕೆಲಸ.

ಜೋಗ_ಡೌನ್‌ಲೋಡ್ · 9:38

ಒಂದು ಅರ್ಥ ಆಗ್ತಿಲ್ಲ. ಸಿಪಿಯು ಬಳಸದೆ ಸುಮ್ಮನೆ ಮಲಗಿರೋ ಪ್ರೊಸೆಸ್‌ನ ಲೋಡಿಗೆ ಸೇರಿಸೋದು ಎಂತಕ್ಕೆ? ಫ್ರೀಬಿಎಸ್‌ಡಿಯಲ್ಲಿ ಹೀಗಿಲ್ಲ ಅಲ್ದಾ?

ಕೊಪ್ಪ_ಕರ್ನಲ್ · 9:46

ಇಲ್ಲ. ಫ್ರೀಬಿಎಸ್‌ಡಿಯಲ್ಲಿ ಲೋಡ್ ಅಂದ್ರೆ ಓಡ್ತಿರೋರು, ಓಡೋಕೆ ಕಾಯ್ತಿರೋರು ಅಷ್ಟೇ. ಅದು ಹಳೇ ಅರ್ಥ, 1973ರ ಆರ್‌ಎಫ್‌ಸಿ 546ರಲ್ಲೇ ಟೆನೆಕ್ಸ್ ಯಂತ್ರಗಳ ಲೋಡ್ ಆವರೇಜ್ ಅಳತೆ ಇದೆ. ಲಿನಕ್ಸ್‌ನಲ್ಲಿ 1993ರಲ್ಲಿ ಮಥಿಯಾಸ್ ಉರ್ಲಿಖ್ಸ್ ಅವರ ಒಂದು ಸಣ್ಣ ಪ್ಯಾಚ್ ಡಿ ಸ್ಥಿತಿಯನ್ನೂ ಸೇರಿಸಿತು. ಅವರ ವಾದ ಸರಳ: ಸ್ವಾಪ್ ಡಿಸ್ಕ್ ನಿಧಾನದ್ದು ಹಾಕಿದರೆ ಯಂತ್ರ ಹೆಣದ ಹಾಗೆ ಬಿದ್ದಿರುತ್ತೆ, ಆದರೆ ಎಲ್ಲರೂ ಡಿಸ್ಕಿಗೆ ಕಾಯ್ತಿರೋದ್ರಿಂದ ಲೋಡ್ ಸೊನ್ನೆ ತೋರಿಸುತ್ತೆ. ಅದು ಸುಳ್ಳಲ್ಲವಾ? ಈ ಪ್ಯಾಚನ್ನು ಹಳೇ ಮೇಲ್ ಪಟ್ಟಿಗಳಿಂದ ಹುಡುಕಿ ತೆಗೆದಿದ್ದು 2017ರಲ್ಲಿ ಬ್ರೆಂಡನ್ ಗ್ರೆಗ್.

ನಮ್ಮ ಕಡೆ ಹೇಳೋದಾದ್ರೆ ಅಡಿಕೆ ಸುಲಿಯೋ ಚಪ್ಪರ ನೆನೆಸ್ಕೊಳ್ಳಿ. ಎಂಟು ಮೆಟ್ಟುಗತ್ತಿ ಇವೆ, ಅದು 8 ಕೋರ್. ಕತ್ತಿ ಮುಂದೆ ಕೂತವರು, ಕತ್ತಿ ಖಾಲಿ ಆಗ್ಲಿ ಅಂತ ಹಿಂದೆ ನಿಂತವರು, ಇವರಿಷ್ಟೇ ಬಿಎಸ್‌ಡಿ ಲೆಕ್ಕ. ಲಿನಕ್ಸ್ ಇನ್ನೊಂದು ಗುಂಪನ್ನೂ ಎಣಿಸುತ್ತೆ: ಗೊನೆ ತರೋ ಗಾಡಿ ಹಳ್ಳದ ದಾರಿಯಲ್ಲಿ ಹೂತಿದೆ, ಅದು ಬರೋ ತನಕ ಏಳೋ ಹಾಗಿಲ್ಲ ಅಂತ ಕೈ ಕಟ್ಟಿ ಕೂತವರು. ತುಂಗಾತೀರ ಅವರ ಚಪ್ಪರದಲ್ಲಿ ಎಂಟು ಕತ್ತಿಯೂ ಖಾಲಿ, ಕೈ ಕಟ್ಟಿ ಕೂತವರು 65 ಜನ. ಅದಕ್ಕೇ ಬಿಲ್ಲಿಂಗ್ ನಿಧಾನ ಆಗಿಲ್ಲ. ಅದು ಬಂದರೆ ಕತ್ತಿ ಸಿಗುತ್ತೆ.

ಹಾಗಾಗಿ "ಲೋಡ್ ಕೋರ್ ಸಂಖ್ಯೆಗಿಂತ ಕಮ್ಮಿ ಇರಬೇಕು" ಅನ್ನೋ ಸೂತ್ರ ಲಿನಕ್ಸ್‌ನಲ್ಲಿ ಅರ್ಧ ಮಾತ್ರ ಸರಿ. ಮೊದಲು ಆರ್ (ಓಡೋ ಸ್ಥಿತಿ) ಎಷ್ಟು, ಡಿ ಎಷ್ಟು ಅಂತ ಬೇರ್ಪಡಿಸಿ, ಆಮೇಲೆ ಮಾತು. ಎಣಿಕೆ ಪ್ರೊಸೆಸ್‌ದಲ್ಲ, ಥ್ರೆಡ್‌ದು ಅನ್ನೋದೂ ನೆನಪಿರಲಿ. ಒಂದೇ ಜಾವಾ ಪ್ರೊಸೆಸ್ 40 ಲೋಡ್ ಕೊಡಬಲ್ಲದು.

ಹೊಸನಗರ_ಹಾರ್ಡ್‌ಡಿಸ್ಕ್ · 9:48

ಡಿ ಸ್ಥಿತಿಗೆ ಹೋದದ್ದನ್ನ ಕಿಲ್ -9 ಹೊಡೆದ್ರೂ ಸಾಯಲ್ಲ. ಕೊನೆಗೆ ರೀಬೂಟೇ ಗತಿ ಅಲ್ವಾ?

ಸಾಗರ_ರೂಟ್ · 9:50

ಆ ಮಾತು 2008ಕ್ಕೆ ಹಳೆಯದಾಯ್ತು. 2.6.25 ಕರ್ನಲ್‌ನಿಂದ ಎನ್‌ಎಫ್‌ಎಸ್ ಕಾಯುವಿಕೆ ಬಹುಪಾಲು ಕಿಲ್ಲಬಲ್. ಪಿಎಸ್‌ನಲ್ಲಿ ಡಿ ಅಂತಲೇ ಕಾಣುತ್ತೆ, ಲೋಡಿಗೂ ಸೇರುತ್ತೆ, ಆದರೆ ಕಿಲ್ -9 ಕೇಳುತ್ತೆ. ಡಬ್ಲ್ಯೂಚಾನ್ ಹೆಸರಿನ ಕೊನೆಗೆ ಕಿಲ್ಲಬಲ್ ಅಂತ ಬರೆದೇ ಇದೆಯಲ್ಲ. ಜೆಬಿಡಿ2 (ಲೋಕಲ್ ಫೈಲ್‌ಸಿಸ್ಟಂನ ಜರ್ನಲ್) ಕಮಿಟ್‌ಗೆ ಕಾಯೋದು, ಕೆಟ್ಟ ಡಿಸ್ಕಿನ ಉತ್ತರಕ್ಕೆ ಕಾಯೋದು, ಅವು ಕೇಳಲ್ಲ.

ತುಂಗಾತೀರ, ಈ ಕ್ರಮದಲ್ಲಿ ಮಾಡಿ:

ಮೊದಲು ಕ್ರಾನ್ ಸಾಲಿಗೆ ಮುಂದೆ ಹ್ಯಾಶ್ ಹಾಕಿ ನಿಲ್ಲಿಸಿ. ಇಲ್ಲದಿದ್ರೆ ನೀವು ಒಂದು ಕಡೆ ತೆಗೀತಾ ಇರೋವಾಗ ಇನ್ನೊಂದು ಸೇರುತ್ತೆ.

ಮೌಂಟ್ ಪಾಯಿಂಟ್ ಯಾವುದು ಅಂತ /ಪ್ರಾಕ್/ಮೌಂಟ್ಸ್ ಕ್ಯಾಟ್ ಮಾಡಿ ನೋಡಿ. ಅದು ಸಿಕ್ಕಿಕೊಳ್ಳಲ್ಲ. ಎಲ್‌ಎಸ್ ಹೊಡೀಬೇಡಿ, ಆ ಡೈರೆಕ್ಟರಿ ಒಳಗೆ ಸಿಡಿ ಮಾಡಬೇಡಿ, ಟ್ಯಾಬ್ ಒತ್ತಿ ಹೆಸರು ಪೂರ್ತಿ ಮಾಡೋಕೂ ಹೋಗಬೇಡಿ. ಟ್ಯಾಬ್ ಒತ್ತಿದ ತಕ್ಷಣ ಬ್ಯಾಷ್ ಆ ಡೈರೆಕ್ಟರಿ ಓದೋಕೆ ಹೋಗಿ ನಿಮ್ಮ ಶೆಲ್ಲೇ 66ನೇದಾಗುತ್ತೆ.

ಬ್ಯಾಕಪ್ ಓಡ್ತಾ ಇಲ್ಲ ಅಂತ ಖಾತ್ರಿ ಮಾಡ್ಕೊಳ್ಳಿ. ಆಮೇಲೆ ಯುಮೌಂಟ್ -ಎಫ್. ಇದು ಬಾಕಿ ಇರೋ ಆರ್‌ಪಿಸಿಗಳಿಗೆ ಇನ್‌ಪುಟ್-ಔಟ್‌ಪುಟ್ ಎರರ್ ಕೊಟ್ಟು ಬಿಡುಗಡೆ ಮಾಡುತ್ತೆ, ಡಿಎಫ್‌ಗಳು ತಾವೇ ಉದುರುತ್ತವೆ. ಬ್ಯುಸಿ ಅಂದರೆ ಇನ್ನೊಮ್ಮೆ ಹೊಡೀರಿ. ಉಳಿದವಕ್ಕೆ ಪಿಕಿಲ್ -9 -ಎಕ್ಸ್ ಡಿಎಫ್. ಅದಕ್ಕೂ ಬಗ್ಗದಿದ್ರೆ ಮಾತ್ರ ಯುಮೌಂಟ್ -ಎಲ್. ಅದು ಹೆಸರನ್ನಷ್ಟೇ ಕಿತ್ತು ಹಾಕುತ್ತೆ, ತೆರೆದ ಫೈಲ್ ಇಟ್ಟುಕೊಂಡವ ಒಳಗೆ ಹಾಗೇ ಇರ್ತಾನೆ. ಅದಕ್ಕೇ ಅದು ಕೊನೆಗೆ.

ತುಂಗಾತೀರ · 10:02

9:52ಕ್ಕೆ ಯುಮೌಂಟ್ -ಎಫ್ ಹೊಡೆದೆ. ಮೊದಲ ಸಲ ಬ್ಯುಸಿ ಅಂತು, ಎರಡನೇ ಸಲಕ್ಕೆ ಹೋಯ್ತು. 69 ಡಿಎಫ್ ಒಟ್ಟಿಗೇ ಮಾಯ. ಈಗ:

0.43, 9.61, 34.30

15 ನಿಮಿಷದ್ದು ಇನ್ನೂ 34 ಇದೆ, ಪರವಾಗಿಲ್ವಾ?

ಕೊಪ್ಪ_ಕರ್ನಲ್ · 10:05

ಇರಲಿ ಬಿಡಿ. ಕಾರಣ ಹೋದ ಮೇಲೂ ಪ್ರತಿ ಅಂಕಿ ತನ್ನ ಅವಧಿಯಲ್ಲಿ ಇದ್ದದ್ದರ 37%ಗೆ ಇಳಿಯುತ್ತೆ. ಹತ್ತು ನಿಮಿಷಕ್ಕೆ 15ರ ಅಂಕಿ ಅರ್ಧ ಆಗಿರಬೇಕು, ಆಗಿದೆ. ಎಡಗಡೆಯದು ಚಿಕ್ಕದು, ಬಲಗಡೆಯದು ದೊಡ್ಡದು ಅಂದ್ರೆ ನೆರೆ ಇಳೀತಿದೆ ಅಂತ. ಬೆಳಿಗ್ಗೆ ತಿರುವುಮುರುವಾಗಿತ್ತು.

ಮಂಡಗದ್ದೆ_ಹಕ್ಕಿ · 10:31

ಮಳೆಗಾಲ ಮುಗಿಯೋ ತನಕ ಆ ಕೇಬಲ್ ಇನ್ನೂ ಹತ್ತು ಸಲ ಹೋಗುತ್ತೆ. ಹಾಗಾಗಿ ನಿಜವಾದ ಕೆಲಸ ಈಗ ಶುರು. ಇದರಲ್ಲಿ ಮೂರು ತಪ್ಪು ಒಂದರ ಮೇಲೊಂದು ಕೂತಿವೆ, ಯಾವುದಾದ್ರೂ ಒಂದು ಸರಿ ಇದ್ದಿದ್ರೂ ಲೋಡ್ 61 ಮುಟ್ಟುತ್ತಿರಲಿಲ್ಲ.

ಒಂದು, ಸ್ಕ್ರಿಪ್ಟ್ ಬರೀ ಡಿಎಫ್ ಅಂತ ಕರೀತಿದೆ. ಲೋಕಲ್ ಡಿಸ್ಕ್ ನೋಡೋದಾದ್ರೆ ಡಿಎಫ್ -ಎಲ್ ಹಾಕಿ. ಎನ್‌ಎಫ್‌ಎಸ್ ಕಡೆ ತಿರುಗಿಯೂ ನೋಡಲ್ಲ.

ಎರಡು, ಹಿಂದಿನದು ಮುಗಿಯದೆ ಮುಂದಿನದು ಶುರುವಾಗ್ತಿದೆ. ಕ್ರಾನ್ ಸಾಲಿನಲ್ಲಿ ಎಫ್‌ಲಾಕ್ -ಎನ್ ಮುಂದಿಟ್ಟು /ರನ್ ಒಳಗೆ ಒಂದು ಲಾಕ್ ಫೈಲ್ ಕೊಡಿ. ಹಳೆಯದು ಸಿಕ್ಕಿಕೊಂಡಿದ್ರೆ ಹೊಸದು ಸುಮ್ಮನೆ ವಾಪಸ್ ಹೋಗುತ್ತೆ, ಲೋಡ್ 1ಕ್ಕೆ ನಿಲ್ಲುತ್ತೆ. ಅದರೊಳಗೆ ಟೈಮ್‌ಔಟ್ -ಕೆ 5 20 ಸೇರಿಸಿ: 20 ಸೆಕೆಂಡಿಗೆ ಟರ್ಮ್, ಮತ್ತೆ 5 ಸೆಕೆಂಡಿಗೆ ಕಿಲ್. ಸಿಸ್ಟಂಡಿ ಟೈಮರ್ ಆದ್ರೆ ಎಫ್‌ಲಾಕ್ ಬೇಡ, ಸರ್ವಿಸ್ ಇನ್ನೂ ಓಡ್ತಿದ್ರೆ ಅದು ಎರಡನೇದನ್ನ ಎಬ್ಬಿಸಲ್ಲ. ಆದರೆ ಒನ್‌ಶಾಟ್ ಸರ್ವಿಸಿಗೆ ಸಮಯದ ಮಿತಿ ತಾನಾಗಿ ಇರಲ್ಲ, ಟೈಮ್‌ಔಟ್‌ಸ್ಟಾರ್ಟ್‌ಸೆಕ್ ನೀವೇ ಬರೀಬೇಕು. ರನ್‌ಟೈಮ್‌ಮ್ಯಾಕ್ಸ್‌ಸೆಕ್ ಬರೆದು ಆಯ್ತು ಅಂದುಕೊಂಡವರಿದ್ದಾರೆ. ಒನ್‌ಶಾಟ್‌ಗೆ ಅದು ಲಾಗೂ ಆಗಲ್ಲ.

ಮೂರು, ದಿನಕ್ಕೆ ಒಂದು ಗಂಟೆ ಬೇಕಾದ ಮೌಂಟು 24 ಗಂಟೆ ತೆರೆದು ಕೂತಿದೆ. ಎಫ್‌ಸ್ಟ್ಯಾಬ್‌ನಲ್ಲಿ ನೋಆಟೋ, ನೋಫೇಲ್, _ನೆಟ್‌ಡೆವ್, ಎಕ್ಸ್-ಸಿಸ್ಟಂಡಿ.ಆಟೋಮೌಂಟ್, ಐಡಲ್-ಟೈಮ್‌ಔಟ್ 600 ಸೆಕೆಂಡು ಹಾಕಿದರೆ ಬ್ಯಾಕಪ್ ಮುಗಿದು ಹತ್ತು ನಿಮಿಷಕ್ಕೆ ತಾನೇ ಕಳಚುತ್ತೆ. 4:10ಕ್ಕೆ ಮರ ಬಿದ್ದಾಗ ಇಲ್ಲಿ ಮೌಂಟೇ ಇರ್ತಿರಲಿಲ್ಲ.

ಜೋಗ_ಡೌನ್‌ಲೋಡ್ · 10:40

ಮೌಂಟ್ ಆಪ್ಷನ್‌ನಲ್ಲಿ ಸಾಫ್ಟ್ ಹಾಕಿದ್ರೆ ಎಲ್ಲ ಒಂದೇ ಏಟಿಗೆ ಮುಗೀತಲ್ಲ?

ಮಂಡಗದ್ದೆ_ಹಕ್ಕಿ · 10:52

ಮುಗಿಯುತ್ತೆ, ಒಂದೊಂದ್ಸಲ ಬ್ಯಾಕಪ್ಪೂ ಮುಗಿಯುತ್ತೆ. ಸಾಫ್ಟ್ ಅಂದ್ರೆ ಇಷ್ಟು ಹೊತ್ತು ಕಾದು ಎರರ್ ಕೊಟ್ಟು ಕೈ ತೊಳ್ಕೊಳ್ಳೋದು. ಬರೆಯೋ ಪ್ರೋಗ್ರಾಂ ಆ ಎರರನ್ನ ಸರಿಯಾಗಿ ನೋಡದಿದ್ರೆ ಫೈಲ್ ನಡುವೆ ತೂತು ಬೀಳುತ್ತೆ, ನಿಮಗೆ ಗೊತ್ತಾಗೋದು ರಿಸ್ಟೋರ್ ಮಾಡೋ ದಿನ. ಬರೀ ಓದೋ ಮೌಂಟಾದ್ರೆ ಸಾಫ್ಟ್ ಪರವಾಗಿಲ್ಲ. ಟೈಮಿಯೋ (ಉತ್ತರಕ್ಕೆ ಕಾಯೋ ಮಿತಿ) ಲೆಕ್ಕ ಸೆಕೆಂಡಿನ ಹತ್ತನೇ ಒಂದರಲ್ಲಿ ಅನ್ನೋದು ಮರೀಬೇಡಿ: ಟಿಸಿಪಿ ಮೇಲೆ ಡಿಫಾಲ್ಟ್ 600 ಅಂದ್ರೆ 60 ಸೆಕೆಂಡು. 600 ಸೆಕೆಂಡು ಅಂದುಕೊಂಡು 10 ಮಾಡಿದವರ ಮೌಂಟ್ ಕೆಲವೇ ಸೆಕೆಂಡಿಗೆ ಸೋಲೊಪ್ಪಿಕೊಳ್ಳುತ್ತೆ, ಘಟ್ಟದ ಮೇಲಿನ ಲಿಂಕಿಗೆ ಅದು ಏನೇನೂ ಸಾಲದು.

ನನ್ನ ಕೇಳಿದ್ರೆ ಇಂಥ ಲಿಂಕಿನ ಮೇಲೆ ಎನ್‌ಎಫ್‌ಎಸ್ಸೇ ಬೇಡ. ಆರ್‌ಸಿಂಕ್ ಅನ್ನು ಎಸ್‌ಎಸ್‌ಎಚ್ ಮೇಲೆ ಓಡಿಸಿ. ಆರ್‌ಸಿಂಕ್‌ಗೆ ಟೈಮ್‌ಔಟ್ 60. ಎಸ್‌ಎಸ್‌ಎಚ್‌ಗೆ ಕನೆಕ್ಟ್‌ಟೈಮ್‌ಔಟ್ 10, ಸರ್ವರ್‌ಅಲೈವ್‌ಇಂಟರ್ವಲ್ 15, ಕೌಂಟ್‌ಮ್ಯಾಕ್ಸ್ 3, ಅಂದ್ರೆ 45 ಸೆಕೆಂಡು ಮೌನ ಆದರೆ ಕಡಿದುಕೊಳ್ಳುತ್ತೆ. ಆಗ ಲಿಂಕ್ ಹೋದರೆ ಒಂದು ಪ್ರೊಸೆಸ್ ಎರರ್ ಕೊಟ್ಟು ಸಾಯುತ್ತೆ, ಫೈಲ್‌ಸಿಸ್ಟಂ ಸಿಕ್ಕಿಕೊಳ್ಳಲ್ಲ. ಪಾರ್ಷಿಯಲ್-ಡೈರ್ ಕೊಟ್ಟಿದ್ರೆ ಮಾರನೇ ದಿನ ಬಿಟ್ಟಲ್ಲಿಂದ ಮುಂದುವರಿಯುತ್ತೆ.

ಆಗುಂಬೆ_ಅಪ್‌ಟೈಮ್ · 11:20

ಇದೇ ಚರ್ಚೆಯಲ್ಲಿ ಕೇಳ್ತೀನಿ. 8 ಕೋರಿನ ಇನ್ನೊಂದು ಡೆಬಿಯನ್. ಸಿಪಿಯು ಖಾಲಿ, ಡಿ ಸ್ಥಿತಿಯಲ್ಲಿ ಯಾರೂ ಇಲ್ಲ, ಎನ್‌ಎಫ್‌ಎಸ್ ಇಲ್ಲ. ಲೋಡ್ ಇಡೀ ದಿನ 0.3. ಆದರೆ ಗಡಿಯಾರ ಇಟ್ಟಂಗೆ 1 ಗಂಟೆ 44 ನಿಮಿಷಕ್ಕೊಮ್ಮೆ 8-9ಕ್ಕೆ ಹಾರಿ ಐದಾರು ನಿಮಿಷದಲ್ಲಿ ಇಳಿಯುತ್ತೆ. ಕ್ರಾನ್‌ನಲ್ಲಿ 104 ನಿಮಿಷದ ಕೆಲಸ ಯಾವುದೂ ಇಲ್ಲ. ಆ ಹೊತ್ತಿಗೆ ಕಾದು ಕೂತು ಟಾಪ್ ನೋಡಿದ್ರೂ ಎಂತದೂ ಕಾಣಲ್ಲ.

ಕೊಪ್ಪ_ಕರ್ನಲ್ · 11:44

ಮಾನಿಟರಿಂಗ್ ಏಜೆಂಟ್ ಒಂದು 5 ಅಥವಾ 10 ಸೆಕೆಂಡಿಗೊಮ್ಮೆ ಎದ್ದು ಲೆಕ್ಕ ತಗೊಳ್ತಿದೆಯಾ? ಇದ್ದರೆ ನಿಮ್ಮ ಯಂತ್ರಕ್ಕೆ ಏನೂ ಆಗಿಲ್ಲ. ಎರಡು ಗಡಿಯಾರದ ತಾಳ ಕೂಡ್ತಿದೆ ಅಷ್ಟೇ.

ಕರ್ನಲ್ ಲೋಡನ್ನು ಸದಾ ಎಣಿಸ್ತಾ ಕೂರಲ್ಲ. ಐದು ಸೆಕೆಂಡಿಗೊಮ್ಮೆ ಕಣ್ಣು ಬಿಟ್ಟು ಆ ಕ್ಷಣ ಎಷ್ಟು ಜನ ನಿಂತಿದ್ದಾರೆ ಅಂತ ನೋಡುತ್ತೆ. ನಿಖರವಾಗಿ ಹೇಳೋದಾದ್ರೆ ಐದು ಸೆಕೆಂಡು ಮತ್ತು ಒಂದು ಟಿಕ್. ಈ ಒಂದು ಟಿಕ್ ಬೇಕಂತಲೇ ಇಟ್ಟಿದ್ದು, ಐದು ಸೆಕೆಂಡಿನ ಕೆಲಸಗಳ ಜೊತೆ ಸದಾಕಾಲ ತಾಳ ಕೂಡದಿರಲಿ ಅಂತ. ಡೆಬಿಯನ್ 12ರ ಕರ್ನಲ್‌ನಲ್ಲಿ ಸೆಕೆಂಡಿಗೆ 250 ಟಿಕ್, ಒಂದು ಟಿಕ್ ಅಂದ್ರೆ 4 ಮಿಲಿಸೆಕೆಂಡು. ಹಾಗಾಗಿ ಎಣಿಕೆ 5.004 ಸೆಕೆಂಡಿಗೊಮ್ಮೆ. ಏಜೆಂಟಿನ ಗಡಿಯಾರಕ್ಕೆ ಹೋಲಿಸಿದರೆ ಪ್ರತಿ ಸಲ 4 ಮಿಲಿಸೆಕೆಂಡು ಹಿಂದೆ ಸರಿಯುತ್ತೆ. ಪೂರ್ತಿ 5 ಸೆಕೆಂಡು ಸರಿದು ಮತ್ತೆ ಅದೇ ಜಾಗಕ್ಕೆ ಬರೋಕೆ 1250 ಎಣಿಕೆ. 1250 ಇಂಟು 5.004, 6255 ಸೆಕೆಂಡು. 1 ಗಂಟೆ 44 ನಿಮಿಷ 15 ಸೆಕೆಂಡು.

ಈಗ ಏಜೆಂಟ್ 10 ಸೆಕೆಂಡಿಗೊಮ್ಮೆ 30 ಥ್ರೆಡ್ ಒಟ್ಟಿಗೆ ಎಬ್ಬಿಸಿ 40 ಮಿಲಿಸೆಕೆಂಡಿನಲ್ಲಿ ಮುಗಿಸುತ್ತೆ ಅಂತ ಇಟ್ಕೊಳ್ಳಿ. 1 ಗಂಟೆ 43 ನಿಮಿಷ ಕರ್ನಲ್ ಕಣ್ಣು ಬಿಟ್ಟಾಗೆಲ್ಲ ಅಂಗಳ ಖಾಲಿ. ಆಮೇಲೆ 50 ಸೆಕೆಂಡಿನ ಹೊತ್ತು ಒಂದು ಬಿಟ್ಟು ಒಂದು ಎಣಿಕೆಯಲ್ಲಿ 30 ಜನ ಕಾಣ್ತಾರೆ, ಸರಾಸರಿ 15. 50 ಸೆಕೆಂಡಿಗೆ 1 ನಿಮಿಷದ ಅಂಕಿ ಅದರ 57% ತನಕ ಏರುತ್ತೆ. ಎಂಟೂವರೆ. ನೀವು ಹೇಳಿದ ಅಂಕಿಯೇ.

ಟಾಪ್‌ನಲ್ಲಿ ಕಾಣದಿರೋದು ಸಹಜ, 10 ಸೆಕೆಂಡಿನಲ್ಲಿ 40 ಮಿಲಿಸೆಕೆಂಡು ಅಂದ್ರೆ ಸಾವಿರಕ್ಕೆ ನಾಲ್ಕು ಪಾಲು. ಖಾತ್ರಿ ಬೇಕಾದ್ರೆ ಏಜೆಂಟ್ ಒಂದು ನಾಲ್ಕು ಗಂಟೆ ನಿಲ್ಲಿಸಿ, ಏರಿಳಿತ ನಿಲ್ಲುತ್ತಾ ನೋಡಿ. ಪರಿಹಾರ ಏಜೆಂಟಿನ ಕಲೆಕ್ಷನ್ ಜಿಟರ್: 3-4 ಸೆಕೆಂಡು ಕೊಟ್ಟರೆ ಪ್ಲಗಿನ್‌ಗಳು ಬೇರೆಬೇರೆ ಹೊತ್ತಿಗೆ ಏಳ್ತಾವೆ. ಸೆಕೆಂಡಿಗೆ 1000 ಟಿಕ್ ಇರೋ ಕರ್ನಲ್‌ನಲ್ಲಿ ಇದೇ ಆಟ 6 ಗಂಟೆ 57 ನಿಮಿಷಕ್ಕೊಮ್ಮೆ ನಡೆಯುತ್ತೆ, ಆಗ ದಿನಕ್ಕೆ ಮೂರು ಸಲ ಬೇರೆಬೇರೆ ಹೊತ್ತಲ್ಲಿ ಬರೋದ್ರಿಂದ ಜನ ದೆವ್ವ ಹೊಕ್ಕಿದೆ ಅಂದುಕೊಳ್ತಾರೆ. ಟಿಕ್ ಎಷ್ಟು ಅಂತ /ಬೂಟ್ ಒಳಗಿನ ಕಾನ್ಫಿಗ್ ಫೈಲಿನಲ್ಲಿ ಎಚ್‌ಝಡ್ ಸಾಲು ನೋಡಿ.

ಆಗುಂಬೆ_ಅಪ್‌ಟೈಮ್ · 11:51

ಏಜೆಂಟ್ ಇದೆ, 10 ಸೆಕೆಂಡು, ಪ್ಲಗಿನ್ 28. ಟಿಕ್ 250. ಜಿಟರ್ ಸೊನ್ನೆ ಇತ್ತು, 4 ಸೆಕೆಂಡು ಹಾಕಿದೆ. 1:30ರ ಮೇಲೆ ನೋಡ್ಬೇಕು.

ಹೊಸನಗರ_ಹಾರ್ಡ್‌ಡಿಸ್ಕ್ · 12:15

ಡಿಸ್ಕ್ ಕಡೆಯ ಮಾತು ಪೂರ್ತಿ ಬಿಟ್ಟುಹೋಗಬಾರದು, ನಮ್ಮಲ್ಲಿ ಮಳೆಗಾಲದಲ್ಲಿ ನಿಜವಾಗಿ ಬರೋದು ಇದೇ. ಕರೆಂಟ್ ಹೋಗಿ ಬಂದು ಮಾಡೋ ಕಡೆ ಹಾರ್ಡ್‌ವೇರ್ ರೇಡ್ ಕಾರ್ಡ್ ಇದ್ದರೆ ಅದರ ಬ್ಯಾಟರಿ ಮೊದಲು ನೋಡಿ. ಬ್ಯಾಟರಿ ದುರ್ಬಲ ಆದ ಕೂಡಲೇ ಕಾರ್ಡು ತಾನಾಗಿ ರೈಟ್-ಬ್ಯಾಕ್ ಬಿಟ್ಟು ರೈಟ್-ಥ್ರೂಗೆ ಇಳಿಯುತ್ತೆ. ಡೇಟಾ ಉಳಿಸೋಕೆ ಅದು ಮಾಡೋದು ಸರಿಯೇ. ಆದರೆ ತಿರುಗೋ ಡಿಸ್ಕಿನ ಮೇಲೆ ಪೋಸ್ಟ್‌ಗ್ರೆಸ್‌ನ ಪ್ರತಿ ಎಫ್‌ಸಿಂಕ್ (ಡಿಸ್ಕಿಗೆ ಬರೆದು ಮುಗಿಸು ಅನ್ನೋ ಕರೆ) ಕ್ಯಾಶೆಯಲ್ಲಿ ಮುಗೀತಿದ್ದದ್ದು ಈಗ ತಟ್ಟೆ ತನಕ ಹೋಗಿ ಬರಬೇಕು. ಡಬ್ಲ್ಯೂ-ಅವೇಟ್ 1ರಿಂದ ನೂರಾರು ಮಿಲಿಸೆಕೆಂಡಿಗೆ, ಲೋಡ್ 1ರಿಂದ 25ಕ್ಕೆ. ಡಿಮೆಸೇಜ್ ಸ್ವಚ್ಛ, ಸ್ಮಾರ್ಟ್ (ಡಿಸ್ಕಿನ ಆರೋಗ್ಯ ವರದಿ) ಸ್ವಚ್ಛ. ಸ್ಟೋರ್‌ಸಿಎಲ್‌ಐನಲ್ಲಿ (ರೇಡ್ ಕಾರ್ಡಿನ ಕಮಾಂಡ್) ಕ್ಯಾಶೆ ಪಾಲಿಸಿ, ಬ್ಯಾಟರಿ ಸ್ಥಿತಿ ಕೇಳಿದರೆ ಮಾತ್ರ ಗೊತ್ತಾಗೋದು. ಬ್ಯಾಟರಿ ಕಲಿಕಾ ಚಕ್ರ ನಡೆಯೋ ಕೆಲವು ಗಂಟೆಯೂ ಇದೇ ಕಥೆ, ಆಗ ತಾನೇ ಸರಿಹೋಗುತ್ತೆ.

ಸಾಫ್ಟ್‌ವೇರ್ ರೇಡ್ ಆದ್ರೆ ತಿಂಗಳ ಮೊದಲ ಭಾನುವಾರ ನಸುಕಿನಲ್ಲಿ ಡೆಬಿಯನ್ ತಾನೇ ಚೆಕ್ ಶುರು ಮಾಡುತ್ತೆ. /ಪ್ರಾಕ್/ಎಂಡಿಸ್ಟ್ಯಾಟ್ ನೋಡಿ. ಜಾಸ್ತಿ ತೊಂದರೆ ಆದ್ರೆ ರೇಡ್‌ನ ಸ್ಪೀಡ್_ಲಿಮಿಟ್_ಮ್ಯಾಕ್ಸ್ ಡಿಫಾಲ್ಟ್ 200000 ಇರೋದನ್ನ 30000ಕ್ಕೆ ಇಳಿಸಿ. ಲೆಕ್ಕ ಸೆಕೆಂಡಿಗೆ ಕಿಲೋಬೈಟಿನಲ್ಲಿ.

ಒಂದೇ ಡಿಸ್ಕ್ ಕೆಡ್ತಿದ್ರೆ ಸ್ಮಾರ್ಟ್‌ನ 5, 197, 199 ಸಾಲು ನೋಡಿ. 5 ಮತ್ತು 197 ಏರ್ತಿದ್ರೆ ಡಿಸ್ಕ್ ಬದಲಿಸಿ. ಬರೀ 199 ಏರ್ತಿದ್ರೆ ಡಿಸ್ಕ್ ಬಿಸಾಡಬೇಡಿ, ಅದು ಕೇಬಲಿನ ದೂರು. ತೇವಕ್ಕೆ ಸಾಟಾ ಕನೆಕ್ಟರ್ ಕಿಲುಬು ಹಿಡಿದಿರುತ್ತೆ. ಕೇಬಲ್ ಬದಲಿಸಿ ನೋಡಿ, ಹಳೇ ಅಂಕಿ ಇಳಿಯಲ್ಲ, ಏರೋದು ನಿಂತರೆ ಸಾಕು.

ಸಾಗರ_ರೂಟ್ · 12:28

ಪರ್ಸೆಂಟ್ ಯುಟಿಲ್ ಕಾಲಂ ಬಗ್ಗೆ ಒಂದು ಮಾತು: ತಿರುಗೋ ಡಿಸ್ಕಿಗೆ 100 ಅಂದ್ರೆ ತುಂಬಿದೆ ಅಂತ. ಎನ್‌ವಿಎಂಇಗೆ 100 ಅಂದ್ರೆ ಸದಾ ಒಂದಾದ್ರೂ ಕೆಲಸ ಇತ್ತು ಅಂತ ಅಷ್ಟೇ, ಇನ್ನೂ ಹತ್ತು ಪಟ್ಟು ತಡೀಬಹುದು. ಅಲ್ಲಿ ಅವೇಟ್ ನಂಬಿ.

ಕ್ಲೌಡ್‌ನಲ್ಲಿ ಇರೋರು ಸ್ಟೀಲ್ ನೋಡಿ. 10 ದಾಟಿದ್ರೆ ನಿಮ್ಮ ಸಿಪಿಯು ಪಕ್ಕದ ಮನೆಯವರು ಉಪಯೋಗಿಸ್ತಿದ್ದಾರೆ. ಕಂಟೈನರ್ ಒಳಗಿಂದ ಲೋಡ್ ನೋಡಿದ್ರೆ ಸಾಮಾನ್ಯವಾಗಿ ಕಾಣೋದು ಇಡೀ ಹೋಸ್ಟಿನದ್ದು.

ಜೋಗ_ಡೌನ್‌ಲೋಡ್ · 12:36

ಸಿಪಿಯು 95 ಓಡ್ತಿದೆ, ಆದರೆ ಟಾಪ್ ಪಟ್ಟಿಯಲ್ಲಿ ಕೂಡಿಸಿದ್ರೆ 5 ಕೂಡ ಬರಲ್ಲ, ಅದು ಎಂತದು?

ಸಾಗರ_ರೂಟ್ · 12:41

ಎರಡರಲ್ಲಿ ಒಂದು. ಸೆಕೆಂಡಿಗೆ ನೂರಾರು ಸಣ್ಣ ಪ್ರೊಸೆಸ್ ಹುಟ್ಟಿ ಟಾಪ್ ನೋಡೋ ಮೊದಲೇ ಸಾಯ್ತಿವೆ. ವಿಎಂಸ್ಟ್ಯಾಟ್ -ಎಫ್ ಅನ್ನು ಹತ್ತು ಸೆಕೆಂಡು ಬಿಟ್ಟು ಎರಡು ಸಲ ಹೊಡೆದು ಕಳೀರಿ, ಫೋರ್ಕ್ ಎಷ್ಟಾಯ್ತು ಗೊತ್ತಾಗುತ್ತೆ. ಯಾರು ಹುಟ್ಟಿಸ್ತಿದ್ದಾರೆ ಅನ್ನೋಕೆ ಎಕ್ಸೆಕ್‌ಸ್ನೂಪ್. ಬಹಳ ಸಲ ತಕ್ಷಣ ಸಾಯೋ ಸರ್ವಿಸ್ ಒಂದನ್ನ ಸೂಪರ್‌ವೈಸರ್ ಎಬ್ಬಿಸ್ತಾನೇ ಇರುತ್ತೆ.

ಫೋರ್ಕ್ ಸಹಜವಾಗಿದ್ರೆ ಎರಡನೇದು: ಯಾರೋ ಬಚ್ಚಿಟ್ಟಿದ್ದಾರೆ. /ಇಟಿಸಿ/ಎಲ್‌ಡಿ.ಎಸ್‌ಒ.ಪ್ರಿಲೋಡ್ ಫೈಲ್ (ಪ್ರತಿ ಪ್ರೋಗ್ರಾಂಗೂ ಮೊದಲೇ ಲೈಬ್ರರಿ ತುರುಕೋದು) ಇದೆಯಾ ನೋಡಿ, ಡೆಬಿಯನ್‌ನಲ್ಲಿ ಸಹಜವಾಗಿ ಅದು ಇರೋದೇ ಇಲ್ಲ. ಬೇರೆ ಯಂತ್ರದಿಂದ ಸ್ಟ್ಯಾಟಿಕ್ ಬ್ಯುಸಿಬಾಕ್ಸ್ (ಕಮಾಂಡ್‌ಗಳೆಲ್ಲ ಒಂದೇ ಫೈಲಿನಲ್ಲಿ ಇರೋದು) ತಂದು ಅದರ ಟಾಪ್ ಓಡಿಸಿ. ಎರಡು ಟಾಪ್ ಎರಡು ಪಟ್ಟಿ ಕೊಟ್ಟರೆ ಕ್ರಿಪ್ಟೋ ಮೈನರ್ ಹೊಕ್ಕಿದೆ. ಮೊದಲು ನೆಟ್‌ವರ್ಕ್ ಕೇಬಲ್ ಕೀಳಿ. ಆ ಯಂತ್ರ ಸ್ವಚ್ಛ ಮಾಡೋಕೆ ಹೋಗಬೇಡಿ, ಹೊಸದಾಗಿ ಇನ್‌ಸ್ಟಾಲ್ ಮಾಡಿ.

ತುಂಗಾತೀರ · 1:10

ಮುಂದಿನ ಸಲ ಇದು ಬೇಗ ಗೊತ್ತಾಗೋಕೆ ಅಲರ್ಟ್ ಯಾವುದಕ್ಕೆ ಇಡ್ಲಿ? ಲೋಡ್ 8 ದಾಟಿದರೆ ಅಂತ ಇಟ್ಟರೆ 40 ನಿಮಿಷಕ್ಕೇ ಬರ್ತಿತ್ತು. ಹಂಗ್ ಟಾಸ್ಕ್ 120 ಸೆಕೆಂಡ್ ಅಂತ ಕರ್ನಲ್ ತಾನೇ ಕೂಗುತ್ತೆ ಅಂತಾರಲ್ಲ, ಅದು ಯಾಕೆ ಬರ್ಲಿಲ್ಲ?

ಕೊಪ್ಪ_ಕರ್ನಲ್ · 1:22

ಹಂಗ್ ಟಾಸ್ಕ್ ಕಾವಲುಗಾರ ಕಿಲ್ಲಬಲ್ ಕಾಯುವಿಕೆಯನ್ನ ಬಿಟ್ಟುಬಿಡ್ತಾನೆ. ಕೊಲ್ಲಬಹುದಾದ್ದು ಸಿಕ್ಕಿಕೊಂಡಂಗಲ್ಲ ಅಂತ ಅವನ ಲೆಕ್ಕ. ಅದಕ್ಕೇ ಐದೂವರೆ ಗಂಟೆ ತುಟಿ ಬಿಚ್ಚಲಿಲ್ಲ.

ಲೋಡಿಗೆ ಅಲರ್ಟ್ ಇಡಬೇಡಿ. ಆಗುಂಬೆಯವರ ಏಜೆಂಟ್ ದಿನಕ್ಕೆ ಹದಿಮೂರು ಸಲ ಸುಳ್ಳೇ ಎಬ್ಬಿಸುತ್ತೆ. ಡಿ ಸ್ಥಿತಿಯ ಪಿಐಡಿಗಳನ್ನ 30 ಸೆಕೆಂಡು ಬಿಟ್ಟು ಎರಡು ಸಲ ತಗೊಳ್ಳಿ, ಎರಡೂ ಪಟ್ಟಿಯಲ್ಲಿ ಇರೋ ಪಿಐಡಿ ಒಂದಾದ್ರೂ ಇದ್ದರೆ ಡಬ್ಲ್ಯೂಚಾನ್ ಸಮೇತ ಮೇಲ್ ಹೋಗಲಿ. ಸಹಜ ಡಿಸ್ಕ್ ಕಾಯುವಿಕೆ 30 ಸೆಕೆಂಡು ಇರಲ್ಲ. ಇದಿದ್ದಿದ್ರೆ ಬೆಳಗಿನ ಜಾವ 4:15ರೊಳಗೆ ಮೇಲ್ ಬಂದಿರೋದು. ಸ್ಕ್ರಿಪ್ಟಿಗೆ ಎಫ್‌ಲಾಕ್ ಹಾಕೋದು ಮರೀಬೇಡಿ ಮತ್ತೆ.

ಸಿಸ್‌ಸ್ಟ್ಯಾಟ್ ಪ್ಯಾಕೇಜನ್ನೂ ಹಾಕಿಡಿ. ಡೆಬಿಯನ್‌ನಲ್ಲಿ /ಇಟಿಸಿ/ಡಿಫಾಲ್ಟ್/ಸಿಸ್‌ಸ್ಟ್ಯಾಟ್ ಒಳಗೆ ಎನೇಬಲ್ಡ್ ಟ್ರೂ ಮಾಡಿದ್ರೆ 10 ನಿಮಿಷಕ್ಕೊಮ್ಮೆ ಬರೆದಿಡುತ್ತೆ. ಸಾರ್ -ಕ್ಯೂ ಹೊಡೆದ್ರೆ 4:10ರಿಂದ ಮೆಟ್ಟಿಲು ಏರಿದ್ದು ಕಣ್ಣಿಗೆ ಕಾಣ್ತಿತ್ತು, ಇಷ್ಟು ಗುಣಾಕಾರ ಭಾಗಾಕಾರ ಬೇಕಿರಲಿಲ್ಲ.

ಆಗುಂಬೆ_ಅಪ್‌ಟೈಮ್ · 3:25

1:30ಕ್ಕೆ ಬರಬೇಕಿದ್ದದ್ದು ಬರಲಿಲ್ಲ, 3:14ಕ್ಕೂ ಬರಲಿಲ್ಲ. ಲೋಡ್ 0.4.

ತುಂಗಾತೀರ · 5:40

ಲಿಂಕ್ ವಾಪಸ್ ಬಂತು. ಡಿಎಫ್ -ಎಲ್, ಎಫ್‌ಲಾಕ್, ಟೈಮ್‌ಔಟ್ ಮೂರೂ ಹಾಕಿ ಕ್ರಾನ್ ಸಾಲಿನ ಹ್ಯಾಶ್ ತೆಗೆದೆ. ಎಫ್‌ಸ್ಟ್ಯಾಬ್ ಸಾಲು ಅಳಿಸಿ ಬ್ಯಾಕಪ್‌ನ ಆರ್‌ಸಿಂಕ್‌ಗೆ ಬದಲಿಸಿದೆ. ಪರೀಕ್ಷೆಗೆ ಅರ್ಧದಲ್ಲಿ ವೈರ್‌ಗಾರ್ಡ್ ಇಳಿಸಿ ನೋಡಿದೆ: 45ನೇ ಸೆಕೆಂಡಿಗೆ ಎರರ್ ಮೇಲ್ ಬಂತು, ಡಿ ಸ್ಥಿತಿಯಲ್ಲಿ ಯಾರೂ ಇಲ್ಲ. ಡಬ್ಲ್ಯೂಚಾನ್ ಸ್ಕ್ರಿಪ್ಟ್ ನಾಳೆ.